ಕೊನೆಯ ಸೀಡಿ ಕೊಡದ ಚಾಂದಬೀ

ನಮ್ಮ ಮನೆಯ ಟೀವಿ ಈಗ ಬಹಳ ಜಾಣವಾಗಿದೆ. ಗುಂಡಿ ಒತ್ತಿದರೆ ಸಾಕು, ಸಿನಿಮಾ ಸೀರಿಯಲ್ಲುಗಳ ಚಿತ್ರಗಳನ್ನು ಸಾಲಾಗಿ ತೋರಿಸಿ, ಇವು ನಿಮಗಾಗಿಯೇ ಆರಿಸಿದವು ಎನ್ನುತ್ತದೆ. ನನಗಾಗಿಯಂತೆ. ಮೊನ್ನೆ ಸಾವಿನ ಮನೆಗೆ ಹೋಗಿ ಬಂದು, ಮೈಮೇಲೆ ನೀರು ಹಾಕಿಕೊಂಡು, ಮನಸ್ಸು ಸ್ವಲ್ಪ ಬೇರೆ ಕಡೆ ಹರಿಯಲಿ ಎಂದು ಅದರ ಮುಂದೆ ಕೂತೆ. ಒಂದರ ಹಿಂದೊಂದು ಕೊಲೆಯ ಕಥೆಗಳನ್ನೇ ತಂದು ಮುಂದಿಟ್ಟಿತು. ಹಿಂದಿನ ವಾರ ಮಗ ಅಂಥವನ್ನೇ ನೋಡಿದ್ದನಂತೆ, ಅದಕ್ಕೇ ಹಾಗೆ ಎಂದು ಸೊಸೆ ಸಮಜಾಯಿಷಿ ಕೊಟ್ಟಳು. ರಿಮೋಟನ್ನು ಅವಳ ಕೈಗೇ ಕೊಟ್ಟು ಎದ್ದೆ. ಎದುರಿಗೆ ಯಾರು ಕೂತಿದ್ದಾರೆ, ಅವರ ಮುಖ ಹೇಗಿದೆ ಎಂದು ನೋಡದೆ ಸಿನಿಮಾ ಆರಿಸಿಕೊಡುವುದು ಯಾವ ಸೀಮೆಯ ಜಾಣತನ? ನನಗೆ ಸಿನಿಮಾ ಆರಿಸಿಕೊಡುತ್ತಿದ್ದವಳು ಮೊದಲು ನನ್ನ ಕೈ ಹಿಡಿದು ನೋಡುತ್ತಿದ್ದಳು.

ಆಕೆಯ ಹೆಸರು ಚಾಂದಬೀ. ಸಿರುಗುಪ್ಪದ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಚಾಂದಮ್ಮ. ಹುಟ್ಟಿದ್ದು ಕುರುಗೋಡಿನಲ್ಲಿ, ಸಿರುಗುಪ್ಪಕ್ಕೆ ಸೊಸೆಯಾಗಿ ಬಂದವಳು. ಗಂಡ ಅಮೀರಸಾಬ್ ಬಳೆ ಮಾರುತ್ತಿದ್ದ. ಅವನು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಬಳೆಯ ಬುಟ್ಟಿಯನ್ನು ಆಕೆ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಸಿರುಗುಪ್ಪದ ಓಣಿಗಳು, ಸಂತೆಯ ದಿನ ಬಂದರೆ ಸುತ್ತಲಿನ ಹಳ್ಳಿಗಳು, ಅತ್ತ ಕೆಂಚನಗುಡ್ಡದವರೆಗೂ ಆಕೆಯ ಕಾಲು ಸವೆಸದ ದಾರಿ ಇರಲಿಲ್ಲ. ಊರಿಗೆಲ್ಲ ಬಳೆ ಇಡಿಸುತ್ತಿದ್ದ ಆಕೆಯ ಕೈಗಳು ಮಾತ್ರ ಬರಿದು. ಅದರ ಬಗ್ಗೆ ಆಕೆ ಎಂದೂ ಮಾತಾಡಿದವಳಲ್ಲ, ನಾವೂ ಕೇಳಿದವರಲ್ಲ.

ನಾನು ಆಗ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದೆ. ನನ್ನ ಯಜಮಾನರು ಕಾಡಸಿದ್ದಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಚಾಂದಮ್ಮ ಓಣಿಗೆ ಬಂದರೆ ನಮ್ಮ ಕಟ್ಟೆಯ ಮೇಲೇ ಬುಟ್ಟಿ ಇಳಿಸುವುದು ರೂಢಿ. ಒಂದು ಲೋಟ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಕೂತ ಹೆಂಗಸರ ಕೈ ಒಂದೊಂದಾಗಿ ಹಿಡಿಯುವಳು. ಕೈ ಹಿಡಿದು ಗೆಣ್ಣು ಒತ್ತಿದರೆ ಸಾಕು, ಆಕೆಗೆ ಮನೆಯ ಸಮಾಚಾರವೆಲ್ಲ ತಿಳಿದುಬಿಡುತ್ತಿತ್ತು. ಕೈ ಬಿಗಿ ಹಿಡಿದಿದ್ದರೆ ಮನೆಯಲ್ಲಿ ಜಗಳ, ಬೆವರುತ್ತಿದ್ದರೆ ಮೈಗೆ ಹುಷಾರಿಲ್ಲ, ಒರಟಾಗಿದ್ದರೆ ಗದ್ದೆ ನಾಟಿ ಶುರುವಾಗಿದೆ. ನನ್ನ ಕೈ ಹಿಡಿದಾಗಲೆಲ್ಲ ಒಂದೇ ಮಾತು.

"ನಿನ್ನ ಕೈ ಬಿಸಿ ಐತಿ ಉಚ್ಚಂಗವ್ವ. ಯಾರ ಮ್ಯಾಲೆ ಸಿಟ್ಟು?"

ಅಷ್ಟು ಹೊತ್ತಿನ ತನಕ ಇಲ್ಲದ ಸಿಟ್ಟು ಆ ಮಾತು ಕೇಳಿದ ಮೇಲೆ ಬರುತ್ತಿತ್ತು.

ಎರಡು ಸಾವಿರದ ಐದು-ಆರರ ಸುಮಾರಿಗೆ ಗಣಿಯ ಕಾಲ ಬಂತು. ಬಳ್ಳಾರಿಯ ಆಕಾಶದಲ್ಲಿ ಹೆಲಿಕಾಪ್ಟರು ಹಾರಾಡಿದವು. ನಮ್ಮ ಸಿರುಗುಪ್ಪ ಭತ್ತದ ಊರು, ಕಾಲುವೆಯ ನೀರಿನ ಊರು. ಅದಿರು ನಮ್ಮ ನೆಲದಲ್ಲಿ ಇರಲಿಲ್ಲ. ಆದರೆ ಭತ್ತದ ಲಾರಿ ಓಡಿಸುತ್ತಿದ್ದ ಹುಡುಗರು ಅದಿರಿನ ಲಾರಿ ಹತ್ತಿದರು. ಅವರ ಅಂಗಿಯ ಜೊತೆ ಕೆಂಪು ದೂಳು ನಮ್ಮ ಓಣಿಗೂ ಬಂತು, ದೂಳಿನ ಹಿಂದೆ ಬಣ್ಣದ ಟೀವಿ ಬಂತು, ಟೀವಿಯ ಹಿಂದೆ ಸೀಡಿ ಪ್ಲೇಯರು. ಆದರೆ ಸಿನಿಮಾದ ಸೀಡಿ ಬಾಡಿಗೆಗೆ ಕೊಡುವ ಅಂಗಡಿ ಇದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರ. ಬಾಗಿಲ ತುಂಬ ಅರೆಬೆತ್ತಲೆ ಪೋಸ್ಟರು, ಒಳಗೆಲ್ಲ ಬೀಡಿ ಸೇದುವ ಗಂಡಸರು. ಅಲ್ಲಿಗೆ ಯಾವ ಹೆಂಗಸು ಹೋಗುತ್ತಾಳೆ? ಮನೆಗೆ ಬಂದ ಪ್ಲೇಯರಿನ ಮೇಲೆ ಕ್ರೋಶಾ ಹೊದಿಕೆ ಹೊದಿಸಿ, ಪಕ್ಕಕ್ಕೆ ಪ್ಲಾಸ್ಟಿಕ್ ಹೂವಿಟ್ಟು ಕೂತಿದ್ದೆವು.

ಚಾಂದಮ್ಮ ಬಳೆ ತರಲು ವಾರಕ್ಕೊಮ್ಮೆ ಬಳ್ಳಾರಿಗೆ ಹೋಗುತ್ತಿದ್ದಳು. ಅಲ್ಲಿ ಆಕೆಯ ತಮ್ಮ ಸಮೀಉಲ್ಲಾನದೂ ಒಂದು ಸೀಡಿ ಅಂಗಡಿ. ಒಂದು ವಾರ ಬುಟ್ಟಿ ಇಳಿಸಿದಾಗ ಹಸಿರು ಬಳೆಗಳ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ಬಿಚ್ಚಿದರೆ ಕನ್ನಡದ್ದು, ತೆಲುಗಿನದು, ಹಿಂದಿಯದು, ಸಿನಿಮಾವೋ ಸಿನಿಮಾ. ಅಂದಿನಿಂದ ಓಣಿಯ ಹೆಂಗಸರಿಗೆ ಬಳೆ ಒಂದು ನೆಪವಾಯಿತು.

ಆದರೆ ಬೇಕೆಂದ ಸಿನಿಮಾವನ್ನು ಬೇಕೆಂದವರಿಗೆ ಆಕೆ ಕೊಡುತ್ತಿರಲಿಲ್ಲ. ಬಳೆಯ ಬಣ್ಣ ಆರಿಸಿದ ಹಾಗೆ ಕೈ ಹಿಡಿದು ಆರಿಸಿ ಕೊಡುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ತಾಯಿ-ಮಗಳ ಸಿನಿಮಾ ಕೇಳಿದರೆ, "ಬ್ಯಾಡವ್ವ, ತವರುಮನಿ ಹಾಡು ಅದಾವು ಇದರಾಗ. ಒಂದು ವರ್ಸ ಹೋಗ್ಲಿ, ಆಮ್ಯಾಲೆ ನೋಡೀಯಂತಿ" ಎಂದು ಗಂಟಿನೊಳಕ್ಕೆ ತುರುಕುವಳು. ಅತ್ತೆ ಸೊಸೆಯರು ಮಾತು ಬಿಟ್ಟ ಮನೆಗೆ ದೇವರ ಸಿನಿಮಾ ಕೊಟ್ಟು, ಇಬ್ಬರೂ ಕೂಡಿ ಕೂತು ನೋಡದಿದ್ದರೆ ಫಲ ಇಲ್ಲ ಎಂದು ಹೇಳಿ ಹೋಗುವಳು. ಮಸೀದಿಗೆ ಹೋಗುವವರ ಮನೆಯ ಹೆಣ್ಣುಮಗಳು ಹಿಂದೂ ದೇವರ ಸಿನಿಮಾದ ಫಲ ಹೇಳುವುದು, ನಮ್ಮ ಅತ್ತೆಯರು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುವುದು, ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ಪಾಲಿಗಾಗಿ ಹೊಡೆದಾಡುತ್ತಿದ್ದ ಅಣ್ಣತಮ್ಮಂದಿರ ಮನೆಗೆ ಒಮ್ಮೆ ಅಣ್ಣತಮ್ಮಂದಿರ ಸಿನಿಮಾವನ್ನೇ ಕೊಟ್ಟಳು. ಇಬ್ಬರೂ ನೋಡಿ ತಬ್ಬಿಕೊಂಡು ಅತ್ತರು, ಮರುದಿನ ಪ್ಲೇಯರು ಯಾರ ಪಾಲಿಗೆ ಎಂದು ಮತ್ತೆ ಶುರು ಹಚ್ಚಿಕೊಂಡರು. ಚಾಂದಮ್ಮನ ಆಯ್ಕೆ ತಪ್ಪಿದ್ದು ಅದೊಂದೇ ಎಂದು ನಾವು ಬಹಳ ದಿನ ನಗಾಡಿದೆವು. ನನಗೆ ಮಾತ್ರ ಯಾವಾಗಲೂ ನಗಿಸುವ ಸಿನಿಮಾ. ಒಂದು ಒಳ್ಳೆಯ ಅಳುವ ಸಿನಿಮಾ ಕೊಡು ಎಂದು ಎಷ್ಟು ಗೋಗರೆದರೂ, "ಮದ್ಲು ಕೈ ತಣ್ಣಗ ಮಾಡ್ಕೊ" ಎನ್ನುವಳು.

ಇಷ್ಟೆಲ್ಲ ಆರಿಸುತ್ತಿದ್ದ ಆಕೆಯ ಮನೆಯಲ್ಲಿ ಟೀವಿಯೇ ಇರಲಿಲ್ಲ. ಒಂದು ಸಿನಿಮಾವನ್ನೂ ಆಕೆ ಪೂರ್ತಿ ನೋಡಿದವಳಲ್ಲ. ಬಳ್ಳಾರಿಯಲ್ಲಿ ತಮ್ಮನ ಅಂಗಡಿಯಲ್ಲಿ ಕೂತು, ಒಂದೊಂದೇ ಡಬ್ಬಿ ಎತ್ತಿ, ಕಥೆ ಏನು, ಕೊನೆಗೆ ಯಾರು ಯಾರು ಬದುಕಿ ಉಳಿಯುತ್ತಾರೆ ಎಂದು ಕೇಳಿಕೊಂಡು ಬರುತ್ತಿದ್ದಳು. ಗಿರಾಕಿಗಳ ಮುಂದೆ ಅಕ್ಕನಿಗೆ ಸತ್ತವರ ಪಟ್ಟಿ ಒಪ್ಪಿಸುವುದೇ ಸಮೀಉಲ್ಲಾನಿಗೆ ದೊಡ್ಡ ಪೀಕಲಾಟವಾಗಿತ್ತಂತೆ.

ಆ ಕಾಲದ ಸಿನಿಮಾಗಳು ಒಂದೇ ಸೀಡಿಯಲ್ಲಿ ಮುಗಿಯುತ್ತಿರಲಿಲ್ಲ. ಎರಡು ಇರುತ್ತಿದ್ದವು, ಉದ್ದದ ಸಿನಿಮಾ ಆದರೆ ಮೂರು. ಒಂದು ಮುಗಿದ ಮೇಲೆ ಎದ್ದು ಇನ್ನೊಂದು ಹಾಕಬೇಕು. ಚಾಂದಮ್ಮ ಕೊಡುತ್ತಿದ್ದ ಕೆಲವು ಸಿನಿಮಾಗಳಲ್ಲಿ ಕೊನೆಯ ಸೀಡಿ ಇರುತ್ತಿರಲಿಲ್ಲ. ಕೇಳಿದರೆ, "ಅದು ಗೀರು ಬಿದ್ದೈತಿ, ಓಡಂಗಿಲ್ಲ. ನಾನ ಹೇಳ್ತೀನಿ ಬಾ" ಎನ್ನುವಳು. ಮುಂದಿನ ವಾರ ಬಂದಾಗ, ಕೈಗೆ ಸೋಪಿನ ನೀರು ಹಚ್ಚಿ ಗೆಣ್ಣು ಒತ್ತುತ್ತ ಒತ್ತುತ್ತ ಉಳಿದ ಕಥೆ ಹೇಳುವಳು. ಗುಂಡು ತಗುಲಿದ ನಾಯಕ ಆಸ್ಪತ್ರೆಯಲ್ಲಿ ಕಣ್ಣು ತೆರೆಯುತ್ತಿದ್ದ. ಹೊಳೆಗೆ ಬಿದ್ದವನನ್ನು ಬೆಸ್ತರು ದಡಕ್ಕೆ ಎಳೆದು ಹಾಕುತ್ತಿದ್ದರು. ಜೈಲಿಗೆ ಹೋದವನು ತುಂಬಿದ ಮನೆಗೆ ಹಿಂದಿರುಗಿ ಬರುತ್ತಿದ್ದ. ಬಿಗಿ ಬಳೆ ಗೆಣ್ಣು ದಾಟುವ ಹೊತ್ತಿಗೆ ಸರಿಯಾಗಿ ಅವನು ಮನೆಯ ಬಾಗಿಲಿಗೆ ಬಂದು ನಿಲ್ಲುವ ಹಾಗೆ ಹೇಳುವಳು. ನೋವೂ ತಿಳಿಯುತ್ತಿರಲಿಲ್ಲ. ಕೊನೆಯ ಸೀಡಿ ಯಾಕೆ ಅಷ್ಟೊಂದು ಕೆಡುತ್ತದೆ ಎಂದು ನಾವ್ಯಾರೂ ಯೋಚಿಸಲಿಲ್ಲ. ಆಕೆ ಹೇಳಿದ್ದೇ ನಮಗೆ ಸಿನಿಮಾ.

ಒಮ್ಮೆ ಬಳ್ಳಾರಿಗೆ, ನನ್ನ ಅಕ್ಕನ ಮನೆಗೆ ಹೋಗಿದ್ದೆ. ಟೀವಿಯಲ್ಲಿ ನನಗೆ ಗೊತ್ತಿದ್ದ ತೆಲುಗು ಸಿನಿಮಾ ಬಂತು. ಎಲ್ಲರ ಜೊತೆ ಕೂತು, ಮುಂದೆ ಹೀಗಾಗುತ್ತದೆ, ಮುಂದೆ ಹಾಗಾಗುತ್ತದೆ ಎಂದು ಹೇಳುತ್ತ ನನ್ನ ಜಾಣತನ ತೋರಿಸುತ್ತಿದ್ದೆ. ಕೊನೆಗೆ ನಾಯಕ ಸತ್ತ. ಅಕ್ಕನ ಮನೆಯವರೆಲ್ಲ ಕಣ್ಣೊರೆಸಿಕೊಂಡರು. ನಾನು ಮಾತ್ರ, ಇಲ್ಲ, ಇವನು ಸಾಯುವುದಿಲ್ಲ, ಬೆಸ್ತರು ಬರುತ್ತಾರೆ, ಈ ಟೀವಿಯವರು ಕತ್ತರಿಸಿದ್ದಾರೆ ಎಂದು ವಾದಕ್ಕೆ ಬಿದ್ದೆ. ಅಕ್ಕನ ಗಂಡ ಆ ಸಿನಿಮಾವನ್ನು ಟಾಕೀಸಿನಲ್ಲಿ ನೋಡಿದ್ದವರು. ಯಾವ ಬೆಸ್ತರು, ಎಲ್ಲಿಯ ಬೆಸ್ತರು ಎಂದು ಅವರು ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ.

ಸಿರುಗುಪ್ಪಕ್ಕೆ ಬಂದವಳೇ ಚಾಂದಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಕಟ್ಟೆಯ ಮೇಲೆ ಒಬ್ಬಳೇ ಕೂತು ಬಳೆ ಜೋಡಿಸುತ್ತಿದ್ದಳು.

"ಆ ಸಿನಿಮಾದಾಗ ಅಂವ ಸಾಯ್ತಾನ ಚಾಂದಮ್ಮ. ಬೆಸ್ತರೂ ಇಲ್ಲ ಗಿಸ್ತರೂ ಇಲ್ಲ. ಮಂದಿ ಮುಂದ ನನ್ನ ಮರ್ಯಾದಿ ತಗದಿ."

"ಬಾಯಿ ತಗ್ಗಿಸವ್ವ," ಎಂದಳು ಆಕೆ. "ಎದುರಮನ್ಯಾಗ ಸುಂಕಮ್ಮ ಅದಾಳ."

"ಕೇಳ್ಲಿ. ಎಲ್ಲಾರಿಗೂ ಗೊತ್ತಾಗ್ಲಿ ನಿನ್ನ ಸುಳ್ಳು."

ಆಕೆ ಕೈಯಲ್ಲಿದ್ದ ಬಳೆ ಕೆಳಗಿಟ್ಟಳು. "ನೋಡು, ಬಳಿ ಒಡದ್ರ ನಾವು ಒಡೀತು ಅನ್ನಂಗಿಲ್ಲ. ಹೆಚ್ಚಾತು ಅಂತೀವಿ. ಹಂಗ ಅನ್ನೋ ಬಾಯಿ ಇದು. ಈ ಕೈಲೆ ಬಳಿ ಇಡಿಸಿ, ಅದ ಕೈಲೆ ಗಂಡ ಸಾಯೋ ಸೀಡಿ ಹೆಂಗ ಕೊಡ್ಲಿ ಆ ಹುಡುಗಿಗೆ?"

"ಹಂಗಾರ ಅಂಥಾ ಸಿನಿಮಾ ತರಬ್ಯಾಡ."

"ಹೋದಂವ ಹೊಳ್ಳಿ ಬರೋ ಸಿನಿಮಾ ಎಷ್ಟಂತ ಅದಾವು? ಇದ್ದವೆಲ್ಲಾ ಮುಗದು ಹೋದವು. ಆಕಿ ಬಿಡಬೇಕಲ್ಲ."

ನನಗೆ ಆಗ ಅರ್ಥವಾಯಿತು. ಎದುರು ಮನೆಯ ಸುಂಕಮ್ಮ ಮದುವೆಯಾಗಿ ಬಂದು ಎರಡು ವರ್ಷವಾಗಿರಬೇಕು, ಅನುಷಾ ಎಂಬ ಹಾಲು ಕುಡಿಯುವ ಕೂಸಿತ್ತು. ಗಂಡ ಹಂಪೇಶ್ ಭತ್ತದ ಲಾರಿ ಬಿಟ್ಟು ಅದಿರಿನ ಲಾರಿ ಹತ್ತಿದ್ದ. ಆಂಧ್ರದ ಕಡೆ ಬಂದರಿಗೆ ಹೋದರೆ ಬರುವುದು ಯಾವಾಗಲೋ. ರಸ್ತೆಯ ತುಂಬ ಒಂದರ ಬಾಲ ಒಂದು ಹಿಡಿದಂತೆ ಲಾರಿಗಳು, ನಿದ್ದೆಗೆಟ್ಟ ಡ್ರೈವರುಗಳು. ದಿನ ಬೆಳಗಾದರೆ ಅಲ್ಲಿ ಬಿತ್ತು, ಇಲ್ಲಿ ಗುದ್ದಿತು ಎಂಬ ಸುದ್ದಿ. ಸುಂಕಮ್ಮ ಆ ಹೆದರಿಕೆಗೆ ತನ್ನದೇ ಒಂದು ಔಷಧಿ ಮಾಡಿಕೊಂಡಿದ್ದಳು. ಅವನು ಲಾರಿ ಹತ್ತಿದ ದಿನ ಚಾಂದಮ್ಮನ ಹತ್ತಿರ, ಹೋದವನು ತಿರುಗಿ ಬರುವ ಸಿನಿಮಾ ಕೇಳಿ ತೆಗೆದುಕೊಳ್ಳುವುದು. ಅದನ್ನು ನೋಡಿದರೆ ಹಂಪೇಶನೂ ಬರುತ್ತಾನೆ. ಬರುತ್ತಲೂ ಇದ್ದ. ಕೆಂಪಾದ ಅಂಗಿ ಒಗೆಯುತ್ತ ಅವಳು ಹಾಡಿಕೊಳ್ಳುವುದು ನನ್ನ ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ಕೇಳಿಸುತ್ತಿತ್ತು.

ಆ ಹಾಡು ನೆನಪಾಗಿ ನನ್ನ ಸಿಟ್ಟು ಅಲ್ಲೇ ಇಳಿಯಿತು. ಬೆಸ್ತರ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳದಿದ್ದುದಷ್ಟೇ ಅಲ್ಲ, ಆಮೇಲೆ ಚಾಂದಮ್ಮ ಕಥೆ ಹೇಳುವಾಗ ನಾನೂ ನಡುವೆ ಬಾಯಿ ಹಾಕಿ, ಮಳೆ ಬಂದಿತ್ತು, ಅವನ ಮೈ ನೆನೆದಿತ್ತು ಎಂದು ಒಂದಿಷ್ಟು ಸೇರಿಸಲು ಶುರು ಮಾಡಿದೆ.

ಮುಂದಿನ ಬೇಸಿಗೆಯಲ್ಲಿ ಹಂಪೇಶ್ ತೀರಿಕೊಂಡ. ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ ಅವನ ಲಾರಿ ಹಿಂದಿನಿಂದ ಗುದ್ದಿತಂತೆ. ಮನೆಗೆ ತಂದಾಗಲೂ ಅವನ ಕೂದಲಲ್ಲಿ ಆ ಕೆಂಪು ದೂಳು ಇತ್ತು. ಹೆಂಗಸರು ಸೇರಿ ಸುಂಕಮ್ಮನಿಗೆ ಏನೇನು ಮಾಡಬೇಕೋ ಅದೆಲ್ಲ ಮಾಡಿದರು. ಅದನ್ನು ಬರೆಯಲು ನನಗೆ ಮನಸ್ಸಿಲ್ಲ. ಯಾಕೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ನಾಲ್ಕು ಜನರಿಂದ ಬೈಸಿಕೊಂಡೆ.

ಸುಂಕಮ್ಮ ಅಳಲಿಲ್ಲ. ಗೋಡೆಗೆ ಒರಗಿ ಕೂತವಳು ಏಳಲಿಲ್ಲ, ಮಾತಾಡಲಿಲ್ಲ. ಹೊತ್ತಿಗೆ ಅರ್ಧ ಲೋಟ ಚಹಾ ಬಾಯಿಗೆ ಹೋದರೆ ಹೆಚ್ಚು. ರೊಟ್ಟಿ ಇಟ್ಟರೂ ಅನ್ನ ಇಟ್ಟರೂ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸುತ್ತಿದ್ದಳು. ದಿನಗಳು ಉರುಳಿದವು, ಕಾರ್ಯ ಮುಗಿಯಿತು, ಅವಳು ಹಾಗೇ. ಎದೆಯ ಹಾಲು ಬತ್ತಿತು. ಅನುಷಾ ಹಸಿದು ಹತ್ತಿರ ತೆವಳಿ ಹೋದರೆ ಮುಟ್ಟುತ್ತಿರಲಿಲ್ಲ. ಕೂಸಿಗೆ ನಾನು ಆಕಳ ಹಾಲು ಕುಡಿಸುತ್ತಿದ್ದೆ. ನೋಡಲು ಬಂದ ನರ್ಸಮ್ಮ, ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದಳು. ಅತ್ತೆ ಗಾದೆಮ್ಮ ಮಗನನ್ನು ಕಳೆದುಕೊಂಡ ಮುದುಕಿ. ಆಕೆಗೆ ಸೊಸೆಯ ಮುಂದೆ ತಟ್ಟೆ ಇಡುವುದು, ಎತ್ತುವುದು ಬಿಟ್ಟರೆ ಬೇರೇನೂ ತೋಚುತ್ತಿರಲಿಲ್ಲ. ಆಕೆ ಉಂಡಳೇ ಎಂದು ಯಾರೂ ಕೇಳಲಿಲ್ಲ.

ನನಗೆ ಮೈ ಉರಿಯುತ್ತಿದ್ದುದು ಬಂದು ಹೋಗುವ ನೆಂಟರ ಮೇಲೆ. "ಎಂಥಾ ಹೆಣ್ಣಪಾ, ಗಂಡನ ಸಂಗಾಟ ಅನ್ನ ನೀರು ಬಿಟ್ಟಾಳ. ಸಿನಿಮಾದಾಗ ನೋಡಿದಂಗ ಆಗತೈತಿ," ಎಂದು ಅವಳ ಎದುರಿಗೇ ಹೊಗಳುವರು. ಹೊಗಳಿ, ಹೊರಗೆ ಬಂದು, ಎಲೆಯಡಿಕೆ ಹಾಕಿಕೊಂಡು, ಮಧ್ಯಾಹ್ನದ ಊಟಕ್ಕೆ ಕೂರುವರು.

ಚಾಂದಮ್ಮ ಅಂದಿನಿಂದ ನಮ್ಮ ಓಣಿಗೆ ಕಾಲಿಡಲಿಲ್ಲ. ಬಳೆಗಾರ್ತಿ ಸೂತಕದ ಓಣಿಗೆ ಬರುವುದಿಲ್ಲ, ಅದು ಪದ್ಧತಿ. ಆದರೆ ಸೂತಕ ಕಳೆದ ಮೇಲೂ ಆಕೆಯ ಸುಳಿವಿಲ್ಲ. ಪಕ್ಕದ ಓಣಿಯಲ್ಲಿ ಆಕೆಯ ದನಿ ಕೇಳುತ್ತಿತ್ತು, ನಮ್ಮ ತಿರುವಿಗೆ ಬಂದು ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ಕೂಸಿಗೆ ಹಾಲು ಕುಡಿಸುತ್ತಿದ್ದೆ. ಸುಂಕಮ್ಮ ಇದ್ದಕ್ಕಿದ್ದ ಹಾಗೆ ಬಾಯಿ ಬಿಟ್ಟಳು.

"ಅಕ್ಕ, ಚಾಂದಮ್ಮನ್ನ ಕರಕೊಂಡು ಬಾ. ಕೊನೀ ಸೀಡಿ ತರಾಕ ಹೇಳು."

ಹಾಲಿನ ಒಳಲೆ ಕೆಳಗಿಟ್ಟೆ. "ಅದು ಗೀರು ಬಿದ್ದೈತಲ್ಲ," ಎಂದೆ.

"ಎಲ್ಲಾ ಸಿನಿಮಾದ್ದೂ ಕೊನೀದ ಹೆಂಗ ಕೆಡತೈತಕ್ಕ? ನನಗ ಗೊತ್ತಿತ್ತು. ಬೇಕಂತಲೇ ಕೇಳ್ತಿದ್ದಿಲ್ಲ."

ಚಾಂದಮ್ಮನ ಮನೆಗೆ ಹೋದೆ. ವಿಷಯ ಕೇಳಿ ಆಕೆ ಎದ್ದು ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು.

"ಬೈಯಾಕ ಕರೀತಾಳ ಉಚ್ಚಂಗವ್ವ. ಬರ್ತಾನ ಬರ್ತಾನ ಅಂತ ನಾನ ಹೇಳಿದ್ನಲ್ಲ ಆಕಿಗೆ. ಯಾವ ಮಕಾ ಇಟ್ಕೊಂಡು ಹೋಗ್ಲಿ?"

"ಬೈದ್ರ ಬೈಸ್ಕೊ," ಎಂದೆ. "ಬೈಯಾಕರ ಬಾಯಿ ಬಿಡ್ಲಿ ಆಕಿ. ನಡಿ."

ಆಕೆ ಬಳ್ಳಾರಿಗೆ ಹೋಗಿ ಸುಂಕಮ್ಮ ಕೊನೆ ನೋಡದೆ ಬಿಟ್ಟಿದ್ದ ಒಂದು ಸಿನಿಮಾದ ಸೀಡಿಗಳನ್ನೆಲ್ಲ ತಮ್ಮನಿಂದ ತಂದಳು. ಮರುದಿನ ಮಧ್ಯಾಹ್ನ ನಮ್ಮ ಓಣಿಗೆ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಬುಟ್ಟಿಯಿಲ್ಲದ ಚಾಂದಮ್ಮನನ್ನು ನಾನು ಅಂದೇ ಮೊದಲು ನೋಡಿದ್ದು, ಆಕೆ ಅಷ್ಟು ಕುಳ್ಳಗಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ.

ಗಾದೆಮ್ಮ ಬಾಗಿಲಲ್ಲಿ ಅಡ್ಡ ನಿಂತಳು. "ಸತ್ತ ಮನ್ಯಾಗ ಟೀವಿ ಹಚ್ಚತೀರೇನು? ನೋಡಿದ ಮಂದಿ ಏನಂದಾರು?"

"ಮಂದಿ ಬಂದ್ರ ನಾ ಮಾತಾಡ್ತೀನಿ," ಎಂದೆ. ನನ್ನ ಬಾಯಿಯ ವಿಚಾರ ಗೊತ್ತಿದ್ದ ಗಾದೆಮ್ಮ ದಾರಿ ಬಿಟ್ಟಳು. ಕದ ಮುಂದೆ ಮಾಡಿ ನಾವು ನಾಲ್ವರೂ ಕೂತೆವು. ಅನುಷಾ ನನ್ನ ತೊಡೆಯ ಮೇಲೆ ಮಲಗಿತ್ತು.

ಕೊನೆಯ ಸೀಡಿ ಹಾಕಿದೆವು. ಹೊಡೆದಾಟ ಆಯಿತು, ನಾಯಕ ಬಿದ್ದ. ಹೆಂಡತಿ ಓಡಿ ಬಂದಳು. ಅವನು ಅವಳ ತೊಡೆಯ ಮೇಲೆ ತಲೆಯಿಟ್ಟು ಉದ್ದಕ್ಕೆ ಮಾತಾಡಿ ಪ್ರಾಣ ಬಿಟ್ಟ. ಅವಳು ಎದೆ ಎದೆ ಬಡಿದುಕೊಂಡು ಅತ್ತಳು. ಹಾಡಿನ ಎರಡು ಸಾಲು ಬಂತು. ಚಿತೆ ಉರಿಯಿತು. ಪರದೆ ಕಪ್ಪಾಗಿ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗತೊಡಗಿದವು. ಚಾಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು. ತಾನು ಹಂಚಿದ ಸಿನಿಮಾಗಳಲ್ಲಿ ಆಕೆ ಕಣ್ಣಾರೆ ಕಂಡ ಮೊದಲ ಸಾವು ಅದು.

ಸುಂಕಮ್ಮ ಕದಲದೆ ನೋಡಿದಳು. ಹೆಸರುಗಳೂ ಮುಗಿದ ಮೇಲೆ ಕೇಳಿದಳು, "ಮುಂದ?"

"ಮುಂದ ಏನೂ ಇಲ್ಲವ್ವ. ಮುಗೀತು," ಎಂದಳು ಚಾಂದಮ್ಮ.

"ಮುಗೀತು ಅಂದ್ರ? ಮರುದಿನ ಆಕಿ ಏನ್ ಮಾಡಿದ್ಲು?"

ಚಾಂದಮ್ಮ ನನ್ನ ಮುಖ ನೋಡಿದಳು. ಯಾವ ಸಿನಿಮಾಕ್ಕಾದರೂ ಕಥೆ ಹೆಣೆಯುತ್ತಿದ್ದ ಬಾಯಿ ಅದು. ಈಗಲೂ ಏನಾದರೊಂದು ಹೇಳುತ್ತಾಳೆ, ನಾಯಕಿಗೊಂದು ಕೆಲಸ ಸಿಕ್ಕಿತು, ಮಗು ದೊಡ್ಡದಾಗಿ ಪೊಲೀಸ್ ಅಧಿಕಾರಿಯಾಯಿತು ಎಂದು ಬೆಸ್ತರನ್ನು ಕರೆತಂದ ಹಾಗೆ ಕರೆತರುತ್ತಾಳೆ ಎಂದು ನಾನು ಕಾದೆ. ಆಕೆ ಸುಳ್ಳು ಹೇಳಲಿ ಎಂದೇ ನನ್ನ ಆಸೆಯಾಗಿತ್ತು. ಚಾಂದಮ್ಮ ಸರಿದು ಬಂದು ಸುಂಕಮ್ಮನ ಕೈ ಹಿಡಿದುಕೊಂಡಳು. ಬಳೆ ಇಡಿಸುವಾಗ ಹಿಡಿಯುವ ಹಾಗಲ್ಲ, ಸುಮ್ಮನೆ.

"ಈ ಸಿನಿಮಾದಾಕಿದು ನನಗ ಗೊತ್ತಿಲ್ಲ," ಎಂದಳು. "ನಂದು ಹೇಳ್ತೀನಿ. ನಮ್ಮ ಅಮೀರಸಾಬ್ರು ಹೋದ ಮರುದಿನ ಮುಂಜಾನಿ ಆಡು ಒದರಾಕ ಹತ್ತಿತ್ತು. ಹಾಲು ಹಿಂಡಿದ್ದಿಲ್ಲ ಯಾರೂ. ಮನ್ಯಾಗ ಮಂದಿ ಅದಾರ, ಎಲ್ಲಾರೂ ಅಳಾಕ ಹತ್ಯಾರ, ಅದರ ಸಂಕಟ ಅದಕ್ಕ. ಆ ಆಡಿನ ಮ್ಯಾಲೆ ನನಗ ಭಾಳ ಸಿಟ್ಟು ಬಂತು. ಬೈಕೋತನ ಹೋಗಿ ಹಿಂಡಿದೆ."

ಸುಂಕಮ್ಮ ಕೇಳುತ್ತಿದ್ದಳು.

"ಮೂರು ದಿನ ನಮ್ಮಲ್ಲಿ ಒಲಿ ಹಚ್ಚಂಗಿಲ್ಲ. ಬಾಜೂ ಮನ್ಯಾರು ಕಿಟ್ಲಿ ತುಂಬ ಚಹಾ ಕಳಿಸಿದ್ರು. ನಾನು ರೂಢಿ ಬಿದ್ದ ಕೈಲೆ ಎರಡು ಕಪ್ಪಿಗೆ ಹಾಕಿದೆ. ಹಾಕಿ ನೋಡಿದ್ರ, ಇನ್ನೊಂದು ಕುಡಿಯಾಕ ಅಂವ ಎಲ್ಲಿ ಅದಾನ? ಎರಡೂ ನಾನ ಕುಡದೆ."

ಆಕೆ ಅಲ್ಲಿಗೆ ನಿಲ್ಲಿಸಿದಳು. ಮುಂದಿನದು ಹೇಳಲೋ ಬೇಡವೋ ಎಂಬಂತೆ ಗಾದೆಮ್ಮನ ಕಡೆ ಒಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಆಮ್ಯಾಲೆ ಅನ್ನ ಸಾರು ತಂದ್ರು. ಎಲ್ಲಾರೂ ಉಣ್ಣು ಅಂದ್ರು. ಒಲ್ಲೆ ಅಂದೆ. ಅವರು ಹೊರಗ ಹೋದ ಮ್ಯಾಲೆ, ಕದದ ಹಿಂದ ಕುಂತು ಗಬಗಬ ಉಂಡುಬಿಟ್ಟೆ. ಹಸಿವಾಗಿತ್ತು ನನಗ. ಭಾಳ ಹಸಿವಾಗಿತ್ತು. ಗಂಡನ್ನ ಮಣ್ಣು ಮಾಡಿ ಒಂದು ದಿನ ಆಗಿಲ್ಲ, ಹೊಟ್ಟಿ ಹಸೀತೈತಿ ಅಂದ್ರ ನಾನು ಎಂಥಾಕಿ ಅಂತ ನಾಚಿಗಿ ಬಂತು. ಇವತ್ತಿನ ತನಕ ಯಾರ ಮುಂದೂ ಹೇಳಿಲ್ಲ ಇದನ್ನ."

ಸುಂಕಮ್ಮ ತಲೆ ಬಗ್ಗಿಸಿದ್ದಳು. ಅವಳ ಹೆಗಲು ಅಲುಗತೊಡಗಿತು. ಗಂಡ ಸತ್ತ ದಿನದಿಂದ ಬಾರದ ಅಳು ಈಗ ಬಂದಿತ್ತು. ಅಳುವಿನ ನಡುವೆಯೇ ಒಂದು ಮಾತು ಹೇಳಿದಳು, ನನಗೆ ಅರ್ಧ ಮಾತ್ರ ಕೇಳಿಸಿತು.

"ಏನವ್ವ?" ಎಂದಳು ಚಾಂದಮ್ಮ.

"ನನಗೂ ಹಸಿವಾಗೇತಿ ಚಾಂದಮ್ಮ. ಮದ್ಲಿನ ದಿನದಿಂದ ಆಗೇತಿ."

ಗಾದೆಮ್ಮ ಗೋಡೆ ಹಿಡಿದು ಎದ್ದಳು. ಈ ಮುದುಕಿ ಈಗ ಏನಾದರೂ ಆಡಬಾರದ್ದು ಆಡಿದರೆ ಬಿಡಬಾರದು ಎಂದು ನಾನು ಸೆರಗು ಬಿಗಿದು ಕೂತೆ. ಅವಳು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ಒಂದು ಅಗಲ ತಟ್ಟೆಯ ತುಂಬ ಅನ್ನ ಕಲಸಿಕೊಂಡು ಬಂದು ಸೊಸೆಯ ಎದುರಿಗೆ ನೆಲದ ಮೇಲೆ ಕೂತಳು. ಮೊದಲ ತುತ್ತು ಸೊಸೆಯ ಬಾಯಿಗೆ ಇಟ್ಟಳು. ಎರಡನೆಯದನ್ನು ಎತ್ತಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ನಮ್ಮ ಯಾರ ಮುಖವನ್ನೂ ನೋಡದೆ ತನ್ನ ಬಾಯಿಗೆ ಇಟ್ಟುಕೊಂಡಳು.